ಬಾಲ ಕಳೆದುಕೊಂಡ ಇಲಿ ಮತ್ತು ಆಕಾಶದ ಗೋಮಾಳ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಕಂಪ್ಯೂಟರಿಗೆ ಟವೆಲ್ ಹೊದೆಸಿತ್ತು. ಮೌಸ್ ಮೇಜಿನ ಡ್ರಾಯರಿನೊಳಗೆ ಸೇರಿತ್ತು. ನಿವೃತ್ತ ಮೇಷ್ಟರಾದ ಅಪ್ಪ ಎರಡು ವರ್ಷಗಳಿಂದ ಊರಿನ ಕೆರೆ, ಕಾಲುದಾರಿ, ಗೋಮಾಳಗಳ ಕುರಿತು ಹಳೆಯ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟದ್ದನ್ನೆಲ್ಲ ನುಡಿಯಲ್ಲಿ ಟೈಪ್ ಮಾಡುತ್ತಿದ್ದರು. ಯಾಕೆ ನಿಲ್ಲಿಸಿದಿರಿ ಎಂದರೆ, "ಸಾಕು ಮಾರಾಯ, ಯಾರು ಓದ್ತಾರೆ" ಎಂದು ಮಾತು ತಿರುಗಿಸಿದರು. ರಾತ್ರಿ ಊಟವಾದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: "ಕೈ ನಡುಗ್ತದಂತೆ. ಬಾಣ ಇಲ್ಲಿಟ್ರೆ ಅಲ್ಲಿಗೆ ಹೋಗ್ತದಂತೆ. ನಿನ್ನ ದೊಡ್ಡಪ್ಪಂಗೂ ಹೀಗೇ ಶುರುವಾಗಿತ್ತಲ್ಲ." ದೊಡ್ಡಪ್ಪ ಕೊನೆಯ ಎಂಟು ವರ್ಷ ಪಾರ್ಕಿನ್ಸನ್ ಕಾಯಿಲೆಯಿಂದ ನರಳಿದ್ದರು.

ಮರುದಿನ ಬೆಳಿಗ್ಗೆ ಅಪ್ಪ ತೋಟಕ್ಕೆ ಹೋದಾಗ ನಾನೇ ಕೂತು ನೋಡಿದೆ. ನನ್ನ ಕೈಯಲ್ಲೂ ಬಾಣ ಹಾಗೇ ಆಡಿತು. ನಡುಗುವ ಕೈಯಾದರೆ ಬಾಣವೂ ನಡುಗಬೇಕು. ಇದು ನಡುಗುತ್ತಿರಲಿಲ್ಲ. ಅರೆಗಳಿಗೆ ಸ್ತಬ್ಧವಾಗಿ ನಿಂತು, ಆಮೇಲೆ ಒಮ್ಮೆಲೇ ಹಾರುತ್ತಿತ್ತು. ಬ್ಯಾಟರಿ ಬದಲಾಯಿಸಿದೆ, ಗುಣವಿಲ್ಲ. ಮೇಜಿನ ಮೇಲೆ ಗಾಜು ಹಾಸಿದೆ, ಮೌಸಿನ ಹೊಟ್ಟೆಯಲ್ಲಿರುವ ಬೆಳಕಿನ ಕಣ್ಣಿಗೆ ಗಾಜು ಕಾಣದೇನೋ ಎಂದು ಹಳೆಯ ಕ್ಯಾಲೆಂಡರಿನ ಹಾಳೆ ಹಾಸಿದೆ. ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಎಲ್ಲವನ್ನೂ ಒಂದೊಂದಾಗಿ ಕಿತ್ತೆ. ಹಾರ್ಡ್‌ಡಿಸ್ಕ್ ಕಿತ್ತ ಕೂಡಲೇ ಬಾಣ ಬೆಣ್ಣೆಯಂತೆ ಜಾರಿತು. ಮತ್ತೆ ಚುಚ್ಚಿದೆ, ಮತ್ತೆ ಹಾರಾಟ. ಬರೆದದ್ದು ಕಳೆದುಹೋಗಬಾರದು, ಒಂದು ಪ್ರತಿ ಇರಲಿ ಎಂದು ಆರು ತಿಂಗಳ ಹಿಂದೆ ಆ ಡಿಸ್ಕನ್ನು ತಂದುಕೊಟ್ಟವನು ನಾನೇ.

ಒಂದು ಹಾರ್ಡ್‌ಡಿಸ್ಕ್ ತನಗೆ ಸಂಬಂಧವೇ ಇಲ್ಲದ ಮೌಸನ್ನು ಹೇಗೆ ಕೆಡಿಸುತ್ತದೆ? ಇದರ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿದ್ದನ್ನು ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರ್ 1964ರಲ್ಲಿ ಮಾಡಿಕೊಟ್ಟಾಗ ಮೌಸ್ ಎಂದರೆ ಒಂದು ಮರದ ತುಂಡು, ಅದರಡಿ ಎರಡು ಚಕ್ರ, ಮೇಲೊಂದು ಗುಂಡಿ. ಹಿಂದೆ ಬಾಲದಂತೆ ವೈರು. ಆ ಬಾಲದಿಂದಲೇ ಅದು ಇಲಿಯಾಯಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಅದನ್ನು ತುಂಬಿದ ಸಭೆಗೆ ತೋರಿಸಿದರು. ಪೇಟೆಂಟ್ ಸಂಸ್ಥೆಯ ಸ್ವತ್ತಾಗಿದ್ದರಿಂದ ಮುಂದೆ ಮೌಸು ಜಗತ್ತನ್ನೆಲ್ಲ ತುಂಬಿದಾಗ ಅವರಿಗೆ ಗೌರವಧನ ಸಿಗಲಿಲ್ಲ.

ಬಾಲ ಕತ್ತರಿಸುವ ಪ್ರಯತ್ನ ಎಂಬತ್ತರ ದಶಕದಲ್ಲಿ ಶುರುವಾಯಿತು. ಮೊದಲು ಟಿವಿ ರಿಮೋಟಿನಂತೆ ಅವಗೆಂಪು ಬೆಳಕನ್ನು ಬಳಸಿದರು. ನಡುವೆ ಕಾಫಿ ಲೋಟ ಬಂದರೂ ಸಂಪರ್ಕ ಕಡಿಯುತ್ತಿತ್ತು. 1991ರಲ್ಲಿ ಲಾಜಿಟೆಕ್ ರೇಡಿಯೋ ಅಲೆಯಿಂದ ನಡೆಯುವ ಮೌಸ್ ತಂದಿತು. ಆಮೇಲೆ 27 ಮೆಗಾಹರ್ಟ್ಸ್‌ನ ಮೌಸುಗಳು ಬಂದವು. ಅವುಗಳ ದನಿ ಒಂದೆರಡು ಮೀಟರು ದಾಟುತ್ತಿರಲಿಲ್ಲ. ಕೊನೆಗೆ ಎಲ್ಲವೂ ಹೋಗಿ ಸೇರಿದ್ದು 2.4 ಗಿಗಾಹರ್ಟ್ಸ್ ಎಂಬ ಜಾಗಕ್ಕೆ, ಅಂದರೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವ ಅಲೆಗಳ ನೆಲೆಗೆ. ವೈಫೈ, ಬ್ಲೂಟೂತ್ ಎರಡೂ ಅಲ್ಲಿಯೇ ಇವೆ.

ಎಲ್ಲರೂ ಅಲ್ಲಿಗೇ ಯಾಕೆ ಹೋದರು? ಅದಕ್ಕೆ ಕಾರಣ ಒಂದು ಒಲೆ. 1945ರಲ್ಲಿ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್, ರೇಡಾರಿನ ಮ್ಯಾಗ್ನೆಟ್ರಾನ್ ಪಕ್ಕ ನಿಂತಿದ್ದಾಗ ಜೇಬಿನ ಮಿಠಾಯಿ ಕರಗಿತೆಂಬ ಕಥೆ ಪ್ರಸಿದ್ಧ. ಅದರಿಂದ ಮೈಕ್ರೋವೇವ್ ಓವನ್ ಹುಟ್ಟಿತು. 1947ರಲ್ಲಿ ಬಂದ ಮೊದಲ ಒಲೆ ಆಳೆತ್ತರವಿತ್ತು, ತೂಕ ಸುಮಾರು 340 ಕಿಲೋ. ಅದೇ ವರ್ಷ ಅಟ್ಲಾಂಟಿಕ್ ಸಿಟಿಯಲ್ಲಿ ಜಗತ್ತಿನ ದೇಶಗಳು ರೇಡಿಯೋ ಅಲೆಗಳನ್ನು ಹಂಚಿಕೊಳ್ಳಲು ಸೇರಿದವು. 2450 ಮೆಗಾಹರ್ಟ್ಸ್‌ನಲ್ಲಿ ನಮ್ಮಲ್ಲಿ ಈಗಾಗಲೇ ಮೈಗೆ ಕಾವು ಕೊಡುವ ವೈದ್ಯಕೀಯ ಯಂತ್ರವೊಂದು, ಅಡುಗೆಯ ಯಂತ್ರವೊಂದು ಇದೆ, ಆ ಜಾಗವನ್ನು ಇಂಥವಕ್ಕೆ ಬಿಡಿ ಎಂದು ಅಮೆರಿಕದ ಪ್ರತಿನಿಧಿ ಕೇಳಿದರು. ನೀರಿನ ಕಣಗಳು ಆ ಕಂಪನಕ್ಕೇ ಕುಣಿಯುತ್ತವೆ, ಅದಕ್ಕೇ ಅದನ್ನು ಆರಿಸಿದರು ಎನ್ನುವುದು ತಪ್ಪು ತಿಳಿವಳಿಕೆ. ಅದಕ್ಕಿಂತ ಬೇರೆ ಕಂಪನಗಳಲ್ಲೂ ನೀರು ಕಾಯುತ್ತದೆ. ಹೀಗೆ ಒಲೆಗಳ ಗದ್ದಲವಿರುವ, ಮಾತು ಕೇಳಿಸದ ಆ ತುಂಡು ಸಂವಹನಕ್ಕೆ ಲಾಯಕ್ಕಿಲ್ಲದ್ದೆಂದು ಹಾಗೇ ಉಳಿಯಿತು.

ಊರಿನಲ್ಲಿ ಉಳುಮೆಗೆ ಬಾರದ ಜಾಗವನ್ನು ದನ ಮೇಯಲು ಬಿಟ್ಟಂತೆ, 1985ರ ಮೇ ತಿಂಗಳಲ್ಲಿ ಅಮೆರಿಕದ ಸಂವಹನ ಆಯೋಗ ಈ ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ತೆರೆದಿಟ್ಟಿತು. ಷರತ್ತು ಗೋಮಾಳದ್ದೇ: ಸಣ್ಣ ಶಕ್ತಿಯಲ್ಲಿ ಬಳಸಬೇಕು, ಬೇರೆಯವರಿಗೆ ತೊಂದರೆ ಕೊಡಬಾರದು, ಬೇರೆಯವರಿಂದ ತೊಂದರೆಯಾದರೆ ದೂರು ಹೇಳುವಂತಿಲ್ಲ.

ನಮ್ಮಲ್ಲಿ ಈ ಬೇಲಿ ತೆಗೆದದ್ದು 2005ರಲ್ಲಿ. 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡವೆಂದು ಆ ವರ್ಷದ ನಿಯಮ ಹೇಳಿತು. ಇದು ಸಣ್ಣ ಸಂಗತಿಯಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ನಿಸ್ತಂತು ಉಪಕರಣವನ್ನು ಅನುಮತಿಯಿಲ್ಲದೆ ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಬಾಲವಿಲ್ಲದ ಇಲಿಯೂ ಲೆಕ್ಕಕ್ಕೆ ಒಂದು ಪುಟ್ಟ ಪ್ರಸಾರ ಕೇಂದ್ರವೇ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಶುರುಮಾಡಿದ ಬಾನುಲಿಗೆ 'ಆಕಾಶವಾಣಿ' ಎಂಬ ಹೆಸರಿತ್ತು, ಮುಂದೆ ದೇಶದ ರೇಡಿಯೋಗೂ ಅದೇ ಹೆಸರಾಯಿತು. ಆದರೆ ಕೇಳುವ ರೇಡಿಯೋಗೂ ಎಂಬತ್ತರ ದಶಕದವರೆಗೆ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಮುದ್ರೆ ಹಾಕಿಸಿಕೊಂಡ ಅಜ್ಜನ ಲೈಸೆನ್ಸ್ ಪುಸ್ತಕ ನಮ್ಮ ಮನೆಯಲ್ಲಿ ಈಗಲೂ ಇದೆ.

ಗೋಮಾಳದಲ್ಲಿ ನೂರು ದನ ಮೇಯುವಾಗ ಒಂದರ ಕೊಂಬು ಇನ್ನೊಂದಕ್ಕೆ ತಾಗದಂತೆ ಇರುವುದು ಹೇಗೆ? ಒಂದು ಉಪಾಯ, ಒಂದೇ ಕಡೆ ನಿಲ್ಲದಿರುವುದು. ವಿಯೆನ್ನಾದಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ಹೆಸರಾದ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೀಲ್ 1942ರ ಆಗಸ್ಟ್ 11ರಂದು ಇಂಥದ್ದೊಂದಕ್ಕೆ ಪೇಟೆಂಟ್ ಪಡೆದರು. ರೇಡಿಯೋದಿಂದ ನಡೆಸುವ ಟಾರ್ಪೆಡೋವನ್ನು ಶತ್ರು ದಾರಿತಪ್ಪಿಸದಂತೆ, ಸಂಕೇತವು ಅಲೆಯಿಂದ ಅಲೆಗೆ ಜಿಗಿಯುತ್ತಿರಬೇಕು. ಕಳಿಸುವವನೂ ಕೇಳುವವನೂ ಒಟ್ಟಿಗೆ ಜಿಗಿಯಲು ಎರಡೂ ಕಡೆ ತೂತು ಹಾಕಿದ ಕಾಗದದ ಸುರುಳಿ. ಜಿಗಿಯುವ ಜಾಗಗಳು 88, ಪಿಯಾನೋದ ಮನೆಗಳಷ್ಟು. ನೌಕಾಪಡೆ ಅದನ್ನು ಆಗ ಬಳಸಲಿಲ್ಲ. ಇಂದಿನ ವೈರ್‌ಲೆಸ್‌ಗೆಲ್ಲ ಆಕೆಯೇ ತಾಯಿ ಎನ್ನುವುದು ಹೆಚ್ಚಾಯಿತು, ಜಿಗಿತದ ಯೋಚನೆ ಮೊದಲೂ ಕೆಲವರಿಗೆ ಹೊಳೆದಿತ್ತು. ಆದರೆ ಬ್ಲೂಟೂತ್ ಸೆಕೆಂಡಿಗೆ 1600 ಸಲ ಜಿಗಿಯುವುದು ಇದೇ ಬಗೆಯಲ್ಲಿ.

ಜಿಗಿಯುವುದರಿಂದ ಪಕ್ಕದ ಒಂದು ದನದಿಂದ ತಪ್ಪಿಸಿಕೊಳ್ಳಬಹುದು. ಗೋಮಾಳಕ್ಕೆಲ್ಲ ಹೊಗೆ ಹಾಕಿದರೆ ಎಲ್ಲಿಗೆ ಜಿಗಿಯುವುದು? ನನ್ನ ಹಾರ್ಡ್‌ಡಿಸ್ಕ್ ಮಾಡಿದ್ದು ಅದನ್ನೇ. 2008ರಲ್ಲಿ ಬಂದ ಯುಎಸ್‌ಬಿ 3.0 ಸೆಕೆಂಡಿಗೆ 500 ಕೋಟಿ ಬಿಟ್‌ಗಳ ವೇಗದಲ್ಲಿ ಮಾಹಿತಿ ಸಾಗಿಸುತ್ತದೆ. ಅಷ್ಟು ವೇಗದಲ್ಲಿ ವಿದ್ಯುತ್ತು ಏರಿಳಿಯುವಾಗ ಡಿಸ್ಕಿನಿಂದ, ಕೇಬಲ್ಲಿನಿಂದ, ಪೋರ್ಟಿನಿಂದ ಸಣ್ಣ ರೇಡಿಯೋ ಗದ್ದಲ ಸೋರುತ್ತದೆ, ಮತ್ತು ಅದು 2.4 ಗಿಗಾಹರ್ಟ್ಸ್‌ನ ಉದ್ದಕ್ಕೂ ಹರಡಿಕೊಳ್ಳುತ್ತದೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳೆದು, ವೈರ್‌ಲೆಸ್ ಮೌಸನ್ನು ಪರೀಕ್ಷಿಸಿ, ಒಂದು ವರದಿಯಲ್ಲಿ ಪ್ರಕಟಿಸಿತು. ಗದ್ದಲ ದೊಡ್ಡದಲ್ಲ. ಆದರೆ ಮೌಸಿನ ದನಿಯೂ ಪಿಸುಮಾತು. ಅದನ್ನು ಕೇಳಿಸಿಕೊಳ್ಳುವ ಉಗುರಿನಷ್ಟು ರಿಸೀವರನ್ನು ಡಿಸ್ಕಿನ ಪಕ್ಕದ ಪೋರ್ಟಿಗೇ ಚುಚ್ಚಿದರೆ, ಹಿಟ್ಟಿನ ಗಿರಣಿಯಲ್ಲಿ ನಿಂತು ಗುಟ್ಟು ಕೇಳಿಸಿಕೊಂಡಂತೆ.

ಪರಿಹಾರಕ್ಕೆ ಇತಿಹಾಸವೇನೂ ಬೇಕಿರಲಿಲ್ಲ, ದೂರ ಸಾಕಿತ್ತು. ಪೇಟೆಯಿಂದ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರು ತಂದು, ರಿಸೀವರನ್ನು ಅದರ ತುದಿಗೆ ಚುಚ್ಚಿ, ಮೌಸಿನ ಹತ್ತಿರ ಮೇಜಿಗೆ ಟೇಪಿನಿಂದ ಅಂಟಿಸಿದೆ. ಡಿಸ್ಕ್ ಓಡುತ್ತಿದ್ದರೂ ಬಾಣ ಹಾರಲಿಲ್ಲ.

ಅಪ್ಪನನ್ನು ಕರೆದು ಕೂರಿಸಿದೆ. ಮೊದಲು ನಾನು ಹಳೆಯ ಹಾಗೆ ಜೋಡಿಸಿ ನನ್ನ ಕೈಯಲ್ಲೇ ಬಾಣ ಹಾರುವುದನ್ನು ತೋರಿಸಿದೆ, ಆಮೇಲೆ ಹೊಸ ಜೋಡಣೆಯನ್ನು ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ಸುಮ್ಮನೆ ಬಾಣವನ್ನು ಆಚೆ ಈಚೆ ಓಡಾಡಿಸಿದರು. ಮೇಜಿನ ಮೇಲಿನ ವೈರು ನೋಡಿ, "ಕೊನೆಗೂ ಬಾಲ ಬೇಕಾಯ್ತಲ್ಲ" ಎಂದರು.

ಬಲಗೈ ಬೆರಳುಗಳಲ್ಲಿ ಒಂದಿಷ್ಟು ನಡುಕ ನಿಜವಾಗಿಯೂ ಇತ್ತು. ನನಗೂ ಕಂಡಿತು, ನನಗೆ ಕಂಡದ್ದು ಅವರಿಗೂ ಗೊತ್ತಾಯಿತು. ಆದರೆ ಅದು ಬಾಣ ಹಾರುವಷ್ಟಲ್ಲ. ಆರು ತಿಂಗಳು ಯಂತ್ರದ ತಪ್ಪನ್ನೂ ಸೇರಿಸಿಕೊಂಡು ಹೊತ್ತಿದ್ದ ಭಯ, ಈಗ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಬಹುದಾದಷ್ಟಕ್ಕೆ ಇಳಿದಿತ್ತು. "ಬರುವ ಸೋಮವಾರ ಶಿವಮೊಗ್ಗಕ್ಕೆ ಹೋಗಿ ತೋರಿಸಿಕೊಂಡು ಬರುವ" ಎಂದು ಅವರೇ ಹೇಳಿದರು. ಆಮೇಲೆ ಕನ್ನಡಕ ಏರಿಸಿಕೊಂಡು, ನಿಲ್ಲಿಸಿದ್ದ ಗೋಮಾಳದ ಅಧ್ಯಾಯವನ್ನು ತೆರೆದರು.