ಕರೆಂಟಿನ ದಾರಿಯಲ್ಲೇ ಬಂದ ಸುದ್ದಿ

ಬೀರೂರಿನ ನನ್ನ ವೈಂಡಿಂಗ್ ಅಂಗಡಿಯ ಗೋಡೆಗೆ ಹಳೆಯ ಸ್ಟಾರ್ಟರ್ ಪೆಟ್ಟಿಗೆಯೊಂದರ ಬಾಗಿಲನ್ನು ನೇತುಹಾಕಿದ್ದೇನೆ. ಯಗಟಿ ಕಡೆಯ ತೆಂಗಿನ ತೋಟದ್ದು. ಪೆಟ್ಟಿಗೆ ತುಕ್ಕು ಹಿಡಿದು ಗುಜರಿಗೆ ಹೋಗುವಾಗ ಬಾಗಿಲನ್ನು ಮಾತ್ರ ಕೇಳಿ ತಂದೆ. ಅದರ ಒಳಮೈಯಲ್ಲಿ ಮೋಟರು ಇಳಿಸಿದ ವರ್ಷ, ಆಳ ಎಂದು ನನ್ನ ಮೇಸ್ತ್ರಿ ಬಿಳಿ ಪೇಂಟಿನಲ್ಲಿ ಬರೆದ ಸಾಲುಗಳಿವೆ. 1989, 180 ಅಡಿ. 1996, 320 ಅಡಿ. 2003, 540 ಅಡಿ. ಕೊನೆಯ ಸಾಲು ನನ್ನ ಕೈಬರಹ: 2017, 860 ಅಡಿ. ಪ್ರತಿ ಸಾಲಿನ ತುದಿಗೂ ಮೋಟರು ಎಳೆದ ಆಂಪ್ಸ್ ಇದೆ. ಕಡೂರು ಸೀಮೆಯ ನೀರಿನ ಚರಿತ್ರೆ ಬರೆಯುವವರು ಶಾಸನ ಓದುತ್ತಾರೆ, ಗೆಜೆಟಿಯರ್ ತೆರೆಯುತ್ತಾರೆ. ನನಗೆ ಈ ತಗಡೇ ಶಾಸನ.

ನಮ್ಮ ಹಿರಿಯರಿಗೆ ನೀರು ಕಣ್ಣಿಗೆ ಕಾಣುತ್ತಿತ್ತು. ಮದಗದ ಕೆರೆ, ಸಖರಾಯಪಟ್ಟಣದ ಅಯ್ಯನಕೆರೆ ಎಷ್ಟು ತುಂಬಿವೆ ಎಂದು ಏರಿಯ ಮೇಲೆ ನಿಂತರೆ ತಿಳಿಯುತ್ತಿತ್ತು. ಕಪಿಲೆ ಹೊಡೆಯುವವನಿಗೆ ಎತ್ತು ಇಳಿಜಾರಿನಲ್ಲಿ ಎಷ್ಟು ದೂರ ನಡೆದವೆಂಬುದೇ ಬಾವಿಯ ಆಳ. ಕರೆಂಟು ಬಂದ ಮೇಲೂ ತೆರೆದ ಬಾವಿಯಲ್ಲಿ ಮೋಟರು ಕಾಣುವಂತೆಯೇ ಕೂತಿತ್ತು. ನೀರು ತಗ್ಗಿದಂತೆ ಅದನ್ನು ಬಾವಿಯೊಳಗಿನ ಕಟ್ಟೆಯಿಂದ ಕಟ್ಟೆಗೆ ಇಳಿಸುತ್ತಿದ್ದರು. ಕೊನೆಯ ಕಟ್ಟೆಯೂ ಒಣಗಿದಾಗ ರಿಗ್ ಲಾರಿ ಬಂತು. ಅಲ್ಲಿಂದ ನೀರು ಆರೂವರೆ ಇಂಚಿನ ತೂತಿನೊಳಗೆ ಸೇರಿ ಕಣ್ಣಿಗೆ ಮರೆಯಾಯಿತು.

ಆ ತೂತಿಗೆ ಇಳಿದದ್ದು ನೀರಲ್ಲೇ ಮುಳುಗಿ ತಿರುಗುವ ಪಂಪು. ಅದು ಹೆಸರು ಮಾಡಿದ್ದು ಎಣ್ಣೆ ಬಾವಿಯಲ್ಲಿ. ರಷ್ಯಾದಿಂದ ಅಮೆರಿಕಕ್ಕೆ ಹೋದ ಅರ್ಮೇನಿಯನ್ ಇಂಜಿನಿಯರ್ ಅರ್ಮಾಯ್ಸ್ ಅರುತುನೋಫ್ 1920ರ ದಶಕದ ಕೊನೆಯಲ್ಲಿ ಇದನ್ನು ಅಲ್ಲಿನ ತೈಲಬಾವಿಗೆ ಇಳಿಸಿ ತೋರಿಸಿದರು. ನಮ್ಮ ತೋಟಕ್ಕೆ ಬಂದದ್ದು ಅದರ ತಮ್ಮ, ಒಳಗೆ ನೀರು ತುಂಬುವ ಮೋಟರು. ಕೆಳಗೆ ಮೋಟರು, ಮೇಲೆ ಒಂದರ ಮೇಲೊಂದು ಪಂಪಿನ ಸ್ಟೇಜು. ಇನ್ನಷ್ಟು ಆಳದಿಂದ ಎತ್ತಬೇಕಾದರೆ ಇನ್ನಷ್ಟು ಸ್ಟೇಜು ಜೋಡಿಸು, ಎಚ್‌ಪಿ ಏರಿಸು. ಬಿಡಿ ಬಿಡಿಯಾಗಿ ಕೂಡಿಸುವ ಈ ಅನುಕೂಲವೇ ನಮ್ಮನ್ನು 180ರಿಂದ 860ಕ್ಕೆ ಇಳಿಸಿತು ಎಂದು ನಾನು ನಂಬಿದ್ದೇನೆ.

1984ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮೇಸ್ತ್ರಿ ಮೊದಲು ಕಲಿಸಿದ್ದು ಕೇಬಲ್ ಜಾಯಿಂಟು. ಚಪ್ಪಟೆ ಕೇಬಲಿನ ಮೂರು ಎಳೆಗಳನ್ನು ಒಂದೇ ಅಳತೆಗೆ ಕತ್ತರಿಸಬಾರದು. ಒಂದು ಗಿಡ್ಡ, ಒಂದು ಮಧ್ಯಮ, ಒಂದು ಉದ್ದ. ಆಗ ಮೂರು ಗಂಟು ಒಂದರ ಪಕ್ಕ ಒಂದು ಬರುವುದಿಲ್ಲ. ತಾಮ್ರವನ್ನು ಹೊಳೆಯುವಂತೆ ಕೆರೆದು, ಹೆಣೆದು, ಬಿಗಿದು, ರಬ್ಬರ್ ಟೇಪನ್ನು ಎಳೆದೆಳೆದು ಅರ್ಧರ್ಧ ಮೇಲೆ ಹಾಯುವಂತೆ ಸುತ್ತಬೇಕು. ಆಮೇಲೆ ಪಿವಿಸಿ ಟೇಪು. ಅದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಇನ್ಸುಲೇಷನ್ ಅಳೆಯುವ ಮೆಗ್ಗರ್ ತಿರುಗಿಸಿ, ಮುಳ್ಳು ಇನ್ಫಿನಿಟಿಯಲ್ಲೇ ನಿಂತರೆ ಮಾತ್ರ ಬೋರಿಗೆ ಬಿಡುತ್ತಿದ್ದರು.

ಕೆಳಗೆ ಹೋದ ಮೋಟರಿನ ಸುದ್ದಿ ಹೇಗೆ ತಿಳಿಯಬೇಕು? ಶಿವನಿ ಹತ್ತಿರದ ಈರುಳ್ಳಿ ಹೊಲದಲ್ಲಿ ಅದನ್ನೇ ಕೇಳಿದೆ. ಮೇಸ್ತ್ರಿ ಆಂಪ್ಸ್ ಮೀಟರಿನ ಗಾಜಿನ ಮೇಲೆ ಬೆರಳಿಟ್ಟರು. "ಮುಳ್ಳು ನೋಡ್ಲಾ ತಮ್ಮಾ. ಕೆಳಗೆ ನೀರೈತಾ ಇಲ್ವಾ ಅಂತ ಅದೇ ಹೇಳ್ತೈತೆ." ಏಳೂವರೆ ಎಚ್‌ಪಿ ಮೋಟರು 14 ಆಂಪ್ಸ್ ತೋರಿಸುತ್ತಿತ್ತು. ಕಾಲು ಗಂಟೆಯಲ್ಲಿ ಮುಳ್ಳು ನಡುಗಿ 9ಕ್ಕೆ ಬಿತ್ತು. ಅದೇ ಗಳಿಗೆಗೆ ಪೈಪಿನ ಬಾಯಲ್ಲಿ ನೀರು ಹೋಗಿ ಗಾಳಿ ಬುಸುಗುಟ್ಟಿತು. ಎತ್ತಲು ನೀರಿಲ್ಲದ ಮೋಟರಿಗೆ ಭಾರವಿಲ್ಲ, ಭಾರವಿಲ್ಲದ ಮೋಟರು ಕಮ್ಮಿ ಕರೆಂಟು ಎಳೆಯುತ್ತದೆ. ಶಕ್ತಿ ಇಳಿಯುವ ತಂತಿಯಲ್ಲೇ ಸುದ್ದಿ ಹತ್ತಿ ಬರುತ್ತದೆ ಎಂದು ನನಗೆ ತಿಳಿದದ್ದು ಅವತ್ತು.

ಆದರೆ ಮುಳ್ಳನ್ನು ನೋಡುವವರು ಬೇಕಲ್ಲ? ತ್ರೀಫೇಸ್ ಬರುತ್ತಿದ್ದುದು ಪಾಳಿಯಲ್ಲಿ, ಎಷ್ಟೋ ಸಲ ನಡುರಾತ್ರಿ. ಆಟೋ ಸ್ಟಾರ್ಟರ್ ತಾನೇ ಮೋಟರು ಹಾಕುತ್ತಿತ್ತು, ನೀರು ಮುಗಿದ ಮೇಲೂ ಓಡಿಸುತ್ತಿತ್ತು. ಬೆಳಿಗ್ಗೆ ಸುಟ್ಟ ಕಾಯಿಲಿನ ವಾಸನೆಯ ಮೋಟರುಗಳು ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಅಂಗಡಿ ಮುಂದೆ ಸಾಲುಗಟ್ಟುತ್ತಿದ್ದವು. ನನಗದು ದುಡಿಮೆ ನಿಜ. ಬೆಳೆಸಾಲದ ಮೇಲೆ ವೈಂಡಿಂಗ್ ಸಾಲ ಹೊತ್ತವರ ಮುಖ ನೋಡಿ ಸಂತೋಷಪಟ್ಟವನಲ್ಲ.

ಅದಕ್ಕೆ ಲೆವೆಲ್ ಗಾರ್ಡ್ ಬಂತು. ಬೋರಿನೊಳಗೆ ಬೇರೆ ಬೇರೆ ಆಳದಲ್ಲಿ ಎಲೆಕ್ಟ್ರೋಡು, ಪೈಪಿಗೆ ಟೇಪು ಹಾಕಿ ಕಟ್ಟಿದ ಸಣ್ಣ ತಂತಿಗಳು. ನೀರು ಮುಟ್ಟಿದ್ದರೆ ಚೂರು ಕರೆಂಟು ಹರಿದು ರಿಲೇ ಹಿಡಿದಿರುತ್ತದೆ, ನೀರು ಇಳಿದರೆ ಮೋಟರು ನಿಲ್ಲುತ್ತದೆ. ತೆರೆದ ಬಾವಿಗೆ ಬಲು ಚೆಂದ. ಬೋರಿನಲ್ಲಿ ಮಾತ್ರ ಸಣ್ಣ ತಂತಿ ಕೇಸಿಂಗಿನ ಅಂಚಿಗೆ ಉಜ್ಜಿ ಹರಿಯಿತು. ಮೇಲಿನ ಸೆಲೆಯಿಂದ ತೊಟ್ಟಿಕ್ಕುವ ನೀರು ಎಲೆಕ್ಟ್ರೋಡನ್ನು ನೆನೆಸಿ, ಇಲ್ಲದ ನೀರನ್ನು ಇದೆ ಎಂದು ತೋರಿಸಿತು. ನಾನೇ ಕೂರಿಸಿದ ಒಂದು ಗಾರ್ಡು ಹೀಗೆ ಸುಳ್ಳು ಹೇಳಿ, ತರೀಕೆರೆ ಕಡೆಯ ಒಬ್ಬ ಹೆಂಗಸಿನ ಮೋಟರು ಸುಟ್ಟಿತು. ವೈಂಡಿಂಗಿಗೆ ನಾನು ಕಾಸು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಆಳದ ಬೋರಿಗೆ ಆಂಪ್ಸ್ ನೋಡಿ ತಾನೇ ಆಫ್ ಮಾಡುವ ಡ್ರೈ ರನ್ ರಿಲೇಯನ್ನೇ ಹಾಕುತ್ತಿದ್ದೇನೆ. ಮೇಸ್ತ್ರಿಯ ಬೆರಳು ತೋರಿಸಿದ್ದನ್ನೇ ಆ ಪೆಟ್ಟಿಗೆ ಮಾಡುತ್ತದೆ. ಆಮೇಲೆ ಪುಣೆಯ ಸಂತೋಷ್ ಓಸ್ತವಾಲ್ ಅವರ ನ್ಯಾನೋ ಗಣೇಶ್‌ನಂಥ ಮೊಬೈಲ್ ಸ್ಟಾರ್ಟರುಗಳು ಬಂದು, ರಾತ್ರಿ ಹೊಲಕ್ಕೆ ಹೋಗುವುದು ತಪ್ಪಿತು.

ಕರೆಂಟಿನ ತಂತಿಯಲ್ಲೇ ಸುದ್ದಿ ತರುವ ದಾರಿಯಲ್ಲಿ ಎಣ್ಣೆ ಬಾವಿಯವರು ಬಹುದೂರ ಹೋಗಿದ್ದಾರೆ. ಮೋಟರಿನ ಮೂರು ಸುರುಳಿಗಳ ತುದಿ ಕೂಡುವ ಸ್ಟಾರ್ ಪಾಯಿಂಟಿನಲ್ಲಿ ಮೂರು ಫೇಸು ಒಂದನ್ನೊಂದು ತೂಗಿಕೊಂಡು ವೋಲ್ಟೇಜು ಹೆಚ್ಚುಕಮ್ಮಿ ಸೊನ್ನೆಯಾಗುತ್ತದೆ. ಅಲ್ಲಿಗೆ ಸೆನ್ಸರ್ ಕಟ್ಟುತ್ತಾರೆ. ಅದಕ್ಕೆ ಬೇಕಾದ ಅಲ್ಪ ಡಿಸಿ ಕರೆಂಟು ಮೋಟರಿನ ಕೇಬಲಿನಲ್ಲೇ ಇಳಿಯುತ್ತದೆ. ಒತ್ತಡ, ಕಾವಿನ ಲೆಕ್ಕ ಅದೇ ಕೇಬಲಿನಲ್ಲಿ ಹತ್ತಿ ಬರುತ್ತದೆ. ಬೇರೆ ತಂತಿಯೇ ಬೇಡ. ಸುಮಾರು 33 ಅಡಿ ನೀರಿಗೆ ಒಂದು ಕೆಜಿ ಒತ್ತಡವಾದ್ದರಿಂದ ಮೋಟರಿನ ಮೇಲೆ ಎಷ್ಟು ಅಡಿ ನೀರಿದೆ ಎಂದು ಕೂತಲ್ಲೇ ಓದಬಹುದು. ಆದರೆ ಒಂದು ಫೇಸು ಅರ್ಥ್ ಆದರೆ ಸುದ್ದಿಯೂ ನಿಲ್ಲುತ್ತದೆ. ಎಷ್ಟೇ ಮುಂದುವರಿದರೂ ಕೊನೆಗೆ ಎಲ್ಲ ನಿಂತಿರುವುದು ಆ ರಬ್ಬರ್ ಟೇಪಿನ ಸುತ್ತಿನ ಮೇಲೆ.

ಕಡೂರು ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ಅಜ್ಜಂಪುರದ ಬಳಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಸುರಂಗ ಕೊರೆದಿದ್ದಾರೆ. ಆ ನೀರಿನಿಂದ ಕೆರೆಗಳು ತುಂಬಿದರೆ ನಮ್ಮ ಬೋರಿನ ನೀರು ಎಷ್ಟು ಮೇಲೇರಿತು ಎಂದು ಹೇಳಲು ಹಳೆಯ ಲೆಕ್ಕ ಕೈಯಲ್ಲಿರಬೇಕು. ಆದ್ದರಿಂದ ರೈತರಲ್ಲಿ, ನನ್ನ ಕಸುಬಿನ ಹುಡುಗರಲ್ಲಿ ಒಂದೇ ಕೇಳಿಕೆ. ಮೋಟರು ಬಿಟ್ಟ ದಿನ ತಾರೀಖು, ಎಷ್ಟು ಅಡಿ, ನಿಂತ ನೀರು ಎಷ್ಟು ಅಡಿಗೆ ಸಿಕ್ಕಿತು, ಎಷ್ಟು ಆಂಪ್ಸ್ ಎಂದು ಪ್ಯಾನಲ್ ಬಾಗಿಲ ಒಳಗೆ ಬರೆದಿಡಿ. ಪೇಂಟ್ ಇಲ್ಲದಿದ್ದರೆ ಮೊಳೆಯಲ್ಲಿ ಗೀರಿದರೂ ಸಾಕು.