ಕೊರೊನಾ ಪರೀಕ್ಷೆಯ ಮಾದರಿ ಸಂಗ್ರಹ: ಲಾಲಾರಸ ಮತ್ತು ಸ್ವಾಬ್

ಕೊರೊನಾ ಸೋಂಕನ್ನು ಪತ್ತೆಹಚ್ಚಲು ರೋಗಿಯಿಂದ ಮಾದರಿ ಪಡೆಯುವ ಕ್ರಮಗಳಲ್ಲಿ ಎರಡು ಮುಖ್ಯವಾದವು: ಮೂಗಿನ ಅಥವಾ ಗಂಟಲಿನ ಒಳಗೋಡೆಯನ್ನು ಮೃದುವಾದ ತುದಿಯ ಕಡ್ಡಿಯಿಂದ ಸವರಿ ತೆಗೆಯುವ ಸ್ವಾಬ್ ಒಂದು, ಬಾಯಲ್ಲಿ ಊರುವ ಲಾಲಾರಸವನ್ನು, ಎಂದರೆ ಜೊಲ್ಲನ್ನು, ಕೊಳವೆಯಲ್ಲಿ ಹಿಡಿಯುವುದು ಇನ್ನೊಂದು. ಎರಡರಲ್ಲೂ ಪ್ರಯೋಗಾಲಯ ಹುಡುಕುವುದು ಸಾರ್ಸ್-ಕೋವ್-2 ವೈರಾಣುವಿನ ಆರ್‌ಎನ್‌ಎಯನ್ನೇ. ಅದನ್ನು ಮೊದಲು ಡಿಎನ್‌ಎಯಾಗಿ ಮಾರ್ಪಡಿಸಿ, ಬಳಿಕ ಸುತ್ತು ಸುತ್ತಾಗಿ ಇಮ್ಮಡಿಸಿ, ಗುರುತಿಸುವಷ್ಟು ಪ್ರಮಾಣಕ್ಕೆ ತರುವ ವಿಧಾನವೇ ಆರ್‌ಟಿ-ಪಿಸಿಆರ್. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಮತ್ತು ಗೋಕಾಕದಿಂದ ಬೇರ್ಪಟ್ಟು ರಚನೆಯಾದ ಮೂಡಲಗಿ ತಾಲ್ಲೂಕುಗಳಂತಹ, ಪ್ರಯೋಗಾಲಯದಿಂದ ದೂರವಿರುವ ಪ್ರದೇಶಗಳಲ್ಲಿ ಈ ಎರಡು ಕ್ರಮಗಳ ಹೋಲಿಕೆ ಕೇವಲ ನಿಖರತೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಪರೀಕ್ಷೆಯ ಕಷ್ಟವನ್ನು ಯಾರು ಹೊರಬೇಕೆಂಬ ಪ್ರಶ್ನೆಯೂ ಅದರೊಡನೆ ಬರುತ್ತದೆ.

ಹೆಸರಿನಲ್ಲೇ ಒಂದು ಗೊಂದಲವಿದೆ. ಕನ್ನಡ ಪತ್ರಿಕೆಗಳು ಸ್ವಾಬನ್ನು 'ಗಂಟಲ ದ್ರವ' ಎಂದು ಕರೆದವು, ಜನರೂ ಹಾಗೆಯೇ ಹೇಳಿದರು. ಆದರೆ ಕಡ್ಡಿಗೆ ಅಂಟಿ ಬರುವುದು ಮುಖ್ಯವಾಗಿ ಒಳಪದರದ ಜೀವಕೋಶಗಳು ಮತ್ತು ಲೋಳೆ. ದ್ರವವೆನ್ನಲು ನಿಜವಾಗಿ ತಕ್ಕದ್ದು ಲಾಲಾರಸವೇ. ಕಿವಿಯ ಮುಂದೆ, ದವಡೆಯ ಕೆಳಗೆ ಮತ್ತು ನಾಲಿಗೆಯ ಅಡಿಯಲ್ಲಿರುವ ಮೂರು ಜೋಡಿ ದೊಡ್ಡ ಗ್ರಂಥಿಗಳಿಂದ ಅದು ಊರುತ್ತದೆ. ವೈರಾಣು ಜೀವಕೋಶದೊಳಗೆ ಹೊಗಲು ಬಳಸುವ ಎಸಿಇ-2 ಎಂಬ ಗ್ರಾಹಕ ಈ ಗ್ರಂಥಿಗಳಲ್ಲೂ ಬಾಯಿಯ ಒಳಪದರದಲ್ಲೂ ಇರುವುದು ಕಂಡುಬಂದ ಮೇಲೆ, ಜೊಲ್ಲಿನಲ್ಲಿರುವ ವೈರಾಣು ಗಂಟಲಿನಿಂದ ಇಳಿದು ಬಂದದ್ದಷ್ಟೇ ಅಲ್ಲ, ಬಾಯಲ್ಲೇ ಹುಟ್ಟಿದ್ದೂ ಇರಬಹುದೆಂಬುದು ಸ್ಪಷ್ಟವಾಯಿತು.

ಸ್ವಾಬ್ ತೆಗೆಯುವುದು ಕೈಪಳಗಿದವರ ಕೆಲಸ. ಮೂಗು ಮತ್ತು ಗಂಟಲು ಕೂಡುವ ಹಿಂಭಾಗವನ್ನು ಮುಟ್ಟಲು ಕಡ್ಡಿಯನ್ನು ಮೂಗಿನ ಹೊಳ್ಳೆಯಿಂದ ಮೇಲಕ್ಕಲ್ಲ, ಅಂಗುಳಿಗೆ ಸಮಾಂತರವಾಗಿ ಹಿಂದಕ್ಕೆ ನೂಕಿ, ಕೆಲವು ಸೆಕೆಂಡು ತಿರುಗಿಸಿ ತೆಗೆಯಬೇಕು. ಗಂಟಲಿನಿಂದ ತೆಗೆಯುವಾಗ ನಾಲಿಗೆ ತಾಗದಂತೆ ಹಿಂಗೋಡೆಯನ್ನು ಸವರಬೇಕು. ಕಡ್ಡಿಯ ತುದಿ ಡ್ಯಾಕ್ರಾನ್ ಅಥವಾ ನೈಲಾನಿನಂತಹ ಕೃತಕ ನಾರಿನದಾಗಿರಬೇಕು, ಏಕೆಂದರೆ ಮರದ ಕಡ್ಡಿ ಮತ್ತು ಕ್ಯಾಲ್ಸಿಯಂ ಆಲ್ಜಿನೇಟಿನ ತುದಿ ಪಿಸಿಆರ್ ಕ್ರಿಯೆಗೆ ಅಡ್ಡಿ ಮಾಡುತ್ತವೆ. ಹಾಗೆ ತೆಗೆದ ಕಡ್ಡಿಯನ್ನು ವಿಟಿಎಂ ಎಂದು ಕರೆಯುವ, ವೈರಾಣುವನ್ನು ಕಾಪಿಡುವ ದ್ರಾವಣದಲ್ಲಿ ಮುಳುಗಿಸಿ, ಮೂರು ಪದರಗಳಲ್ಲಿ ಕಟ್ಟಿ, 2ರಿಂದ 8 ಡಿಗ್ರಿ ತಂಪಿನಲ್ಲಿ ಸಾಗಿಸಬೇಕು. ಕಡ್ಡಿ ತಾಗಿದೊಡನೆ ಸೀನು, ಕೆಮ್ಮು, ಓಕರಿಕೆ ಬರುವುದು ಸಹಜವಾದ್ದರಿಂದ, ಮಾದರಿ ತೆಗೆಯುವ ಆರೋಗ್ಯ ಸಿಬ್ಬಂದಿ ಬೇಸಿಗೆಯ ಸೆಖೆಯಲ್ಲೂ ಪಿಪಿಇ ಕಿಟ್ ತೊಟ್ಟೇ ನಿಲ್ಲಬೇಕಾಗುತ್ತಿತ್ತು.

ಬೆಳಗಾವಿ ಜಿಲ್ಲೆಯಲ್ಲಿ ಮೊದಲ ಪ್ರಕರಣಗಳು ಕಂಡದ್ದು 2020ರ ಏಪ್ರಿಲ್ ಮೊದಲ ವಾರದಲ್ಲಿ. ಆಗ ಮಾದರಿಗಳು ಜಿಲ್ಲೆಯ ಹೊರಗಿನ ಪ್ರಯೋಗಾಲಯಗಳಿಗೆ ಹೋಗಿ ಬರಬೇಕಿತ್ತು. ನಾಟಿ ವೈದ್ಯ ಪದ್ಧತಿಗಳ ಸಂಶೋಧನೆಗೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಳಗಾವಿಯಲ್ಲಿ ನಡೆಸುವ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಲ್ಲಿ ಆ ವರ್ಷವೇ ಕೊರೊನಾ ಪರೀಕ್ಷೆ ಆರಂಭವಾದ ಮೇಲೆ, ಅನಂತರ ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲೂ ಪ್ರಯೋಗಾಲಯ ತೆರೆದ ಮೇಲೆ, ದಾರಿ ಬಹಳಷ್ಟು ಕಿರಿದಾಯಿತು. ಆದರೂ ಜಿಲ್ಲಾ ಕೇಂದ್ರಕ್ಕೆ ಹುಕ್ಕೇರಿಯಿಂದ ಸುಮಾರು 50 ಕಿ.ಮೀ., ಗೋಕಾಕದಿಂದ ಅದಕ್ಕೂ ಹೆಚ್ಚು, ಮೂಡಲಗಿ ಇನ್ನೂ ಆಚೆ. ಘಟಪ್ರಭೆ ಉಕ್ಕಿ ಗೋಕಾಕದ ಲೋಳಸೂರ ಸೇತುವೆ ಮುಳುಗಿದ 2021ರ ಜುಲೈನಂತಹ ದಿನಗಳಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯ ಪ್ರಯಾಣ ಎಷ್ಟು ಸುತ್ತಿನದೆಂದು ಬಿಡಿಸಿ ಹೇಳಬೇಕಿಲ್ಲ.

ಲಾಲಾರಸದ ಪರ ವಾದಕ್ಕೆ ಬಲ ಬರುವುದು ಇಲ್ಲಿಯೇ. ರೋಗಿ ತಾನೇ ಕೊಳವೆಗೆ ಉಗುಳಿ ಕೊಡಬಹುದಾದ್ದರಿಂದ ತರಬೇತಾದ ಕೈಯೂ ಬೇಕಿಲ್ಲ, ಸ್ವಾಬ್ ಕಡ್ಡಿಯೂ ಬೇಕಿಲ್ಲ. ಏನನ್ನೂ ಬೆರೆಸದ ಜೊಲ್ಲಿನಲ್ಲಿ ವೈರಾಣುವಿನ ಆರ್‌ಎನ್‌ಎ 30 ಡಿಗ್ರಿ ಶಾಖದಲ್ಲೂ ಹಲವು ದಿನ ಉಳಿಯುವುದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಅದೇ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಆಸ್ಪತ್ರೆಯಲ್ಲಿದ್ದ 70 ರೋಗಿಗಳನ್ನು ಪರೀಕ್ಷಿಸಿದಾಗ, ರೋಗ ಪತ್ತೆಯಾದ 1ರಿಂದ 5 ದಿನಗಳೊಳಗೆ ತೆಗೆದ ಲಾಲಾರಸದ ಮಾದರಿಗಳಲ್ಲಿ ಶೇ. 81ರಷ್ಟು, ಮೂಗಿನ ಸ್ವಾಬುಗಳಲ್ಲಿ ಶೇ. 71ರಷ್ಟು ಪಾಸಿಟಿವ್ ಬಂದವು. ಈ ಅಂತರವನ್ನೇ ಹಿಡಿದು ಲಾಲಾರಸ ಮೇಲೆಂದು ತೀರ್ಮಾನಿಸುವುದು ಅವಸರವಾದೀತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಸಂವೇದನಶೀಲತೆ, ಎಂದರೆ ಸೋಂಕಿತರನ್ನು ತಪ್ಪಿಸದೆ ಹಿಡಿಯುವ ಸಾಮರ್ಥ್ಯ, ಲಾಲಾರಸಕ್ಕೆ ಶೇ. 83.2, ಸ್ವಾಬಿಗೆ ಶೇ. 84.8 ಎಂದು ಕಂಡಿತು. ಬಳಕೆಯ ದೃಷ್ಟಿಯಿಂದ ಇವು ಸಮವೇ. ರೋಗದ ಮೊದಲ ದಿನಗಳಲ್ಲಿ ತೆಗೆದ ಲಾಲಾರಸ, ಎರಡನೆಯ ವಾರದಲ್ಲಿ ತೆಗೆದ ಉತ್ತಮ ಸ್ವಾಬಿಗಿಂತ ಹೆಚ್ಚು ಹೇಳಬಲ್ಲದು.

ಆದರೆ ಲಾಲಾರಸ ಉಳಿಸಿದ ಶ್ರಮ ಪೂರ್ತಿ ಇಲ್ಲವಾಗದೆ ಪ್ರಯೋಗಾಲಯಕ್ಕೆ ಸ್ಥಳಾಂತರವಾಗುತ್ತದೆ. ಜೊಲ್ಲು ಎಳೆಎಳೆಯಾಗಿ ಅಂಟುವುದರಿಂದ ಸಣ್ಣ ಅಳತೆಯ ಪಿಪೆಟ್ಟಿನಲ್ಲಿ ಅದನ್ನು ಸರಿಯಾಗಿ ಎಳೆಯುವುದು ಕಷ್ಟ. ಅದರಲ್ಲಿರುವ ಕಿಣ್ವಗಳು ಮತ್ತು ಆಹಾರದ ಶೇಷ ಪಿಸಿಆರ್‌ಗೆ ತೊಡಕಾಗಬಲ್ಲವು. ಯೇಲ್ ರೂಪಿಸಿ, 2020ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ತುರ್ತು ಬಳಕೆಗೆ ಒಪ್ಪಿಗೆ ಪಡೆದ ಸಲೈವಾಡೈರೆಕ್ಟ್ ವಿಧಾನದಲ್ಲಿ ಮಾದರಿಗೆ ಪ್ರೋಟೀನೇಸ್-ಕೆ ಎಂಬ ಕಿಣ್ವ ಬೆರೆಸಿ ಕಾಯಿಸುವುದು ಈ ಕಾರಣಕ್ಕೇ. ಮಾದರಿ ಕೊಡುವ ಅರ್ಧ ಗಂಟೆ ಮುಂಚಿನಿಂದ ಏನನ್ನೂ ತಿನ್ನಬಾರದು, ಕುಡಿಯಬಾರದು, ತಂಬಾಕು ಅಗಿಯಬಾರದು ಎಂಬುದು ಸಾಮಾನ್ಯ ನಿಯಮ. ಎಲೆ-ಅಡಿಕೆ, ಸುಣ್ಣ-ತಂಬಾಕು ಮತ್ತು ಗುಟ್ಕಾ ಅನೇಕರ ಬಾಯಲ್ಲಿ ಸದಾ ಇರುವ ನಾಡಿನಲ್ಲಿ ಈ ನಿಯಮ ಸಣ್ಣದಲ್ಲ. ಬಾಯಿ ಒಣಗಿದ ವೃದ್ಧರು, ತೀವ್ರ ನಿಗಾ ಘಟಕದಲ್ಲಿರುವವರು, ಉಗುಳಲು ತಿಳಿಯದ ಎಳೆಯ ಮಕ್ಕಳು ಲಾಲಾರಸ ಕೊಡಲಾರರು; ಅವರಿಗೆ ಸ್ವಾಬೇ ಗತಿ.

ಇವೆರಡರ ನಡುವಿನ ದಾರಿಯೂ ಭಾರತದಲ್ಲೇ ರೂಪುಗೊಂಡಿತು: ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು, ಉಪ್ಪುನೀರಿನಿಂದ ಗಂಟಲು ಗಳಗಳ ಮಾಡಿಸಿ ಆ ನೀರನ್ನೇ ಮಾದರಿಯಾಗಿ ಹಿಡಿಯುವ ವಿಧಾನವನ್ನು ಮುಂದಿಟ್ಟರು, 2021ರಲ್ಲಿ ಐಸಿಎಂಆರ್ ಅದನ್ನು ಒಪ್ಪಿತು.

ಪದೇ ಪದೇ ಪರೀಕ್ಷೆಗೆ ಒಳಗಾಗುವವರಿಗೆ ಇಂತಹ ಕ್ರಮಗಳು ಹೆಚ್ಚು ಸಹ್ಯ. ಮಹಾರಾಷ್ಟ್ರದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕೆಂದು 2021ರಲ್ಲಿ ಕರ್ನಾಟಕ ಸರ್ಕಾರ ಆದೇಶಿಸಿದಾಗ, ಗಡಿಯಾಚೆಯ ಗಡಹಿಂಗ್ಲಜದೊಡನೆ ವ್ಯಾಪಾರ ಹಾಗೂ ನೆಂಟಸ್ತಿಕೆಯ ಓಡಾಟವಿರುವ, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಂತಹ ಊರುಗಳಿಗೆ ಅದು ಮತ್ತೆ ಮತ್ತೆ ಮೂಗೊಡ್ಡುವ ಪ್ರಸಂಗವಾಗಿತ್ತು. ಆದರೆ ಐಸಿಎಂಆರ್ ಮಾರ್ಗಸೂಚಿಯ ಮುಖ್ಯ ಮಾದರಿ ಮೂಗು-ಗಂಟಲಿನ ಸ್ವಾಬೇ ಆಗಿ ಉಳಿಯಿತು. ವೈರಾಣುವಿನ ಪ್ರೋಟೀನನ್ನು 15ರಿಂದ 30 ನಿಮಿಷದಲ್ಲಿ ತೋರಿಸುವ, 2020ರ ಜೂನ್‌ನಿಂದ ಬಳಕೆಗೆ ಬಂದ ರ್‍ಯಾಪಿಡ್ ಆ್ಯಂಟಿಜನ್ ಪರೀಕ್ಷೆಗೂ ಅದೇ ಬೇಕಿತ್ತು. 2021ರ ಮೇ ತಿಂಗಳಲ್ಲಿ ಐಸಿಎಂಆರ್ ಒಪ್ಪಿದ ದೇಶದ ಮೊದಲ ಮನೆಪರೀಕ್ಷೆಯ ಕಿಟ್ ಕೂಡ ಬೇಡಿದ್ದು ಲಾಲಾರಸವನ್ನಲ್ಲ, ಮೂಗಿನ ಸ್ವಾಬನ್ನು. ಕಡ್ಡಿಯನ್ನು ತಿರುಗಿಸುವ ಕೈ ಮಾತ್ರ ಪರೀಕ್ಷಿಸಿಕೊಳ್ಳುವವರದೇ ಆಗಿತ್ತು.