ಹುಡುಕಿದರೆ ಊರು ಸಿಗಬೇಕು: ಕನ್ನಡ ಸದಸ್ಯಪಟ್ಟಿಯ ಜಾಲತಾಣ ಕಟ್ಟುವವರಿಗೆ

ಗಡಿ ಊರುಗಳ ಘಟಕಗಳು ಸದಸ್ಯರ, ಕನ್ನಡ ಶಾಲೆಗಳ ಪಟ್ಟಿಯನ್ನು ಜಾಲತಾಣಕ್ಕೆ ಏರಿಸುವಾಗ ಹುಡುಕಾಟದ ಕಡೆ ಮೊದಲು ಗಮನ ಕೊಡಬೇಕು. ಪಟ್ಟಿಯಲ್ಲಿ ಊರಿದ್ದೂ ಹುಡುಕಾಟದಲ್ಲಿ ‘ಇಲ್ಲ’ ಎಂದು ಬಂದರೆ, ನೋಡುವವರು ಅಲ್ಲಿ ಕನ್ನಡದವರೇ ಇಲ್ಲ ಎಂದುಕೊಳ್ಳುತ್ತಾರೆ.

ಒಂದೇ ರೂಪ, ಎರಡು ಸಂಕೇತ
‘ಹೊಸೂರು’ ಪದದ ‘ಹೊ’ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನು ನೇರವಾಗಿ ಹೋಲಿಸುವ ತಂತ್ರಾಂಶಕ್ಕೆ ಮಾತ್ರ ಬೇರೆ ಬೇರೆ. ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ ತಂದರೆ ಈ ತೊಡಕು ನೀಗುತ್ತದೆ. ಜಾವಾಸ್ಕ್ರಿಪ್ಟ್, ಪೈಥಾನ್, ಪಿಎಚ್‌ಪಿ ಮೂರರಲ್ಲೂ ಇದಕ್ಕೆ ಸೌಲಭ್ಯವಿದೆ. ಉಳಿಸುವ ಹೆಸರು, ಹುಡುಕುವ ಪದ ಎರಡಕ್ಕೂ ಇದನ್ನು ಅನ್ವಯಿಸಿ.

ಕಾಣದ ಸಂಕೇತ
‘ಅಕ್ಕಲ್‌ಕೋಟೆ’ ಎಂದು ಬರೆಯುವಾಗ ‘ಲ್’ ಮತ್ತು ‘ಕೋ’ ಒತ್ತಕ್ಷರವಾಗದಂತೆ ನಡುವೆ ಕಾಣದ ಒಂದು ಸಂಕೇತ ಕೂರುತ್ತದೆ. ಕೆಲವರು ಅದಿಲ್ಲದೆ ‘ಅಕ್ಕಲ್ಕೋಟೆ’ ಎಂದು ಟೈಪ್ ಮಾಡುತ್ತಾರೆ. ಪರದೆಯಲ್ಲಿ ತೋರಿಸುವ ಹೆಸರಿನಲ್ಲಿ ಆ ಸಂಕೇತ ಇರಲಿ. ಹುಡುಕಾಟಕ್ಕೆಂದು ಇಡುವ ಪ್ರತಿಯಿಂದ ತೆಗೆಯಿರಿ. ಸೊಲ್ಲಾಪುರ–ಸೋಲಾಪುರ, ರಾಯದುರ್ಗ–ರಾಯದುರ್ಗಂ ಇಂಥ ಬಳಕೆಯ ಭೇದಗಳಿಗೆ ಪರ್ಯಾಯ ಹೆಸರುಗಳ ಪಟ್ಟಿ ಬೇರೆಯೇ ಬೇಕು.

ಅರ್ಜಿಯ ಅಳತೆ
‘ಮಂಜೇಶ್ವರ’ ಓದುವವರಿಗೆ 4 ಅಕ್ಷರ. ಎನ್‌ಎಫ್‌ಸಿ ರೂಪದಲ್ಲಿ 8 ಸಂಕೇತ. ಯುಟಿಎಫ್-8ರಲ್ಲಿ 24 ಬೈಟ್. ಇಂಗ್ಲಿಷ್ ಹೆಸರಿನ ಲೆಕ್ಕದಲ್ಲಿ ಮಿತಿ ಹಾಕಿದರೆ ಉದ್ದದ ಹೆಸರುಗಳು ಅರ್ಧಕ್ಕೇ ತುಂಡಾಗುತ್ತವೆ.

ಹಳೆಯ ಕಡತ
ನುಡಿ, ಬರಹದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿರುವ ಪಟ್ಟಿಯನ್ನು ಹಾಗೆಯೇ ಏರಿಸಬೇಡಿ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಒಬ್ಬರು ಕೂತು ತಿದ್ದಲೇಬೇಕು. ಪಟ್ಟಿಯನ್ನು ಚಿತ್ರವಾಗಿ ಏರಿಸಿದರೂ ಪ್ರಯೋಜನವಿಲ್ಲ, ಹುಡುಕಾಟಕ್ಕೆ ಸಿಗದು.

ಏರಿಸುವ ಮುನ್ನ
1. ದತ್ತಸಂಚಯದ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಡಿ.
2. ಕಡತ, ಸರ್ವರ್, ದತ್ತಸಂಚಯ, ಅವುಗಳ ನಡುವಿನ ಸಂಪರ್ಕ ಎಲ್ಲವೂ ಯುಟಿಎಫ್-8ರಲ್ಲಿರಲಿ. ಮೈಎಸ್‌ಕ್ಯುಎಲ್ ಆದರೆ ಯುಟಿಎಫ್8ಎಂಬಿ4. ಸಂಪರ್ಕ ತಪ್ಪಿ ಹೆಸರು ‘????’ ಎಂದು ಉಳಿದುಬಿಟ್ಟರೆ ಮೂಲ ಹೆಸರನ್ನು ಅದರಿಂದ ಮರಳಿ ಪಡೆಯಲಾಗದು.
3. ಈಗಾಗಲೇ ಇರುವ ಹೆಸರುಗಳನ್ನೂ ಒಮ್ಮೆ ಎನ್‌ಎಫ್‌ಸಿಗೆ ತನ್ನಿ. ಹೊಸ ಹೆಸರುಗಳನ್ನು ಮಾತ್ರ ಸರಿಪಡಿಸಿದರೆ ಹಳೆಯ ಸದಸ್ಯರು ಹುಡುಕಾಟದಿಂದ ಹೊರಗುಳಿಯುತ್ತಾರೆ.
4. ಪರೀಕ್ಷಾ ಪ್ರತಿಯಲ್ಲಿ ಹೊಸೂರು, ಅಕ್ಕಲ್‌ಕೋಟೆ, ಮಂಜೇಶ್ವರ ಈ ಮೂರನ್ನೂ ಎರಡು ಬಗೆಯ ಮೊಬೈಲ್, ಒಂದು ಕಂಪ್ಯೂಟರಿನಿಂದ ಹುಡುಕಿ ನೋಡಿ. ಮೂರೂ ಸಿಕ್ಕ ಮೇಲೆಯೇ ಸಾರ್ವಜನಿಕರಿಗೆ ತೆರೆಯಿರಿ.
5. ಡೊಮೇನ್ ನೋಂದಣಿ ಸಂಘದ ಹೆಸರಿನಲ್ಲಿರಲಿ. ನವೀಕರಣದ ದಿನಾಂಕ ಇಬ್ಬರು ಪದಾಧಿಕಾರಿಗಳಿಗಾದರೂ ತಿಳಿದಿರಲಿ.

ಸದಸ್ಯರ ಫೋನ್ ಸಂಖ್ಯೆ, ಮನೆ ವಿಳಾಸಗಳನ್ನು ಅವರ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಪುಟದಲ್ಲಿ ಹಾಕಬಾರದು. ಊರು, ಘಟಕದ ಹೆಸರು ಇದ್ದರೆ ಸಾಕು.